ಡೀಸೆಲ್ ಇಳಿದ ಭಾನುವಾರ

ನಮ್ಮೂರಿನಂತೆಯೇ ಕಡಲ ಬದಿಯ ಒಂದೂರು. ಅಲ್ಲೊಬ್ಬ ಧಣಿ. ಏಳು ಮೀನಿನ ಬೋಟು, ಒಂದು ಐಸ್ ಪ್ಲಾಂಟ್. ಬೋಟು ಹೊರಟರೆ ಡೀಸೆಲ್, ಕರೆಂಟು ಹೋದರೆ ಜನರೇಟರಿಗೂ ಡೀಸೆಲ್. ಕೆಟ್ಟವನಲ್ಲ, ನೋಡಿ. ಪ್ರತಿ ಭಾನುವಾರ ಚರ್ಚಿಗೆ ಬರುವವ, ಅದೂ ಮುಂದಿನ ಬೆಂಚಿಗೆ.

ಒಮ್ಮೆ ಕಡಲಾಚೆ ಎರಡು ದೇಶಗಳು ಯುದ್ಧಕ್ಕೆ ಬಿದ್ದವು. ಎಣ್ಣೆಯ ಹಡಗುಗಳು ನಿಂತವು. ಡೀಸೆಲ್ ಏರಿತು, ಮರುವಾರ ಮತ್ತೆ ಏರಿತು. ಧಣಿ ನಾಲ್ಕು ಬೋಟುಗಳನ್ನು ಕಡಲಿಗಿಳಿಸದೆ ದಡದ ದಕ್ಕೆಯಲ್ಲೇ ಕಟ್ಟಿದ. ಐಸ್ ಪ್ಲಾಂಟಿನ ಮಾಡಿನ ಮೇಲೆ ಸೋಲಾರ್ ಹಾಕಿಸಲು ಕಬ್ಬಿಣದ ಚೌಕಟ್ಟು ನಿಲ್ಲಿಸಿದ. ಆಮೇಲೆ ಪಾದ್ರಿಯ ಬಳಿ ಬಂದು, "ಫಾದರ್, ಈ ಯುದ್ಧ ನಿಲ್ಲಬೇಕು. ಪ್ರತಿ ವಾರ ಒಂದು ಪ್ರಾರ್ಥನೆ ಇಡುವ" ಎಂದ. ಎಂಥ ಒಳ್ಳೆಯ ಮಾತು! ಪಾದ್ರಿಯ ಕಣ್ಣು ತುಂಬಿತು.

ಎರಡು ತಿಂಗಳು ಊರೆಲ್ಲ ಮೊಣಕಾಲೂರಿತು. ಕೊನೆಗೆ ಡೀಸೆಲ್ ಇಳಿಯಿತು. ಯುದ್ಧ ನಿಂತದ್ದಕ್ಕಲ್ಲ, ಕೇಳಿ. ಎಣ್ಣೆ ಬೇರೆ ದೇಶದಿಂದ, ಬೇರೆ ದಾರಿಯಲ್ಲಿ ಬಂತು, ಅಷ್ಟೇ. ಧಣಿ ದಕ್ಕೆಯಲ್ಲಿ ಲಾಡು ಹಂಚಿದ. ಸೋಲಾರಿನವನಿಗೆ, "ಈಗ ಬೇಡ ಮಾರಾಯ, ಮತ್ತೆ ನೋಡುವ" ಎಂದ. ಆ ಚೌಕಟ್ಟಿನ ಮೇಲೆ ಬಲೆ ಒಣಗತೊಡಗಿತು. ಆ ಭಾನುವಾರ ಪ್ರಾರ್ಥನೆಯೂ ನಿಂತಿತು. ನಿಲ್ಲಿಸಿ ಎಂದು ಯಾರೂ ಹೇಳಲಿಲ್ಲ. ಪಾದ್ರಿಗೆ ಅದು ನೆನಪೇ ಆಗಲಿಲ್ಲ.

ನೆನಪಿಟ್ಟವಳು ಒಬ್ಬಳೇ. ದಕ್ಕೆಯಲ್ಲಿ ಮೀನು ವಿಂಗಡಿಸುವ ಹೆಂಗಸು. ಅವಳ ಗಂಡ ಆ ಯುದ್ಧದ ದೇಶದಲ್ಲೇ, ಬಂದರಿನಲ್ಲಿ ಕ್ರೇನ್ ನಡೆಸುವವ. ಪೂಜೆ ಮುಗಿದ ಮೇಲೆ ಬಾಗಿಲಲ್ಲಿ ನಿಂತು ಕೇಳಿದಳು, "ಫಾದರ್, ಯುದ್ಧ ಮುಗಿಯಿತಾ?"

ಪಕ್ಕದಲ್ಲಿದ್ದ ಧಣಿ ನಕ್ಕ. "ಡೀಸೆಲ್ ಇಳಿಯಿತಲ್ಲ, ನಿಂಗೆ ಗೊತ್ತಿಲ್ವಾ?"

"ಅದು ಗೊತ್ತುಂಟು ಧಣಿ, ಲಾಡು ತಿಂದೆ. ಆದ್ರೆ ಬೆಳಿಗ್ಗೆ ನಮ್ಮವರು ಫೋನ್ ಮಾಡಿದಾಗ್ಲೂ ಬಾಂಬ್ ಬೀಳ್ತಾ ಇತ್ತು. ನೀವೆಲ್ಲ ಪ್ರಾರ್ಥನೆ ನಿಲ್ಲಿಸಿದ್ರಲ್ಲ, ಮುಗಿಯಿತೋ ಏನೋ ಅಂತ ಕೇಳಿದೆ."

ಅವಳು ಚುಚ್ಚಲು ಕೇಳಿದ್ದಲ್ಲ, ನಿಜವಾಗಿಯೂ ತಿಳಿಯಲೆಂದೇ ಕೇಳಿದಳು. ಧಣಿ ತಲೆ ತಗ್ಗಿಸಿ ಕಾರಿನತ್ತ ನಡೆದ. ಆದರೆ ಪಾದ್ರಿ ಎಲ್ಲಿಗೆ ಹೋಗಬೇಕು? ಆ ಪಾದ್ರಿ ನಾನೇ. ಇಲ್ಲಿಗೆ ಬರುವ ಮೊದಲು ನಾನಿದ್ದ ಊರು ಅದು. ನಾಚಿಕೆಯಾಗುತ್ತದೆ, ಆದರೂ ಹೇಳುತ್ತಿದ್ದೇನೆ.

ನಾವು ಬೇಡಿದ್ದು ಏನನ್ನು? ಶಾಂತಿಯನ್ನೋ, ಡೀಸೆಲನ್ನೋ? ಧಣಿಯನ್ನು ನೋಡಿ ನಗಬೇಡಿ. ಬೆಲೆ ಏರಿದಾಗ ನೀವೂ ಸೈಕಲ್ ತೊಳೆದಿರಿ, ಸೋಲಾರಿನವನ ನಂಬರ್ ಕೇಳಿದಿರಿ. ಇಳಿದಾಗ? ಇನ್ನೂರು ಹೆಜ್ಜೆಯ ಅಂಗಡಿಗೂ ಸ್ಕೂಟರ್! ನಮ್ಮ ಈ ಚರ್ಚಿನ ಮಾಡನ್ನು ನೋಡಿ. ಸೋಲಾರ್ ಇಲ್ಲದೆ ಅದೂ ಬರಿದಾಗಿದೆ, ಅದು ನನ್ನದೇ ತಪ್ಪು.

ಹಾಗಾಗಿ ಇಷ್ಟು ಮಾಡಿ. ಬೆಲೆ ಏರಿದಾಗ ಶುರುಮಾಡಿದ ಕೆಲಸವನ್ನು ಇಳಿದಾಗಲೂ ಮುಗಿಸಿ. ನಡೆಯುವಷ್ಟು ದೂರಕ್ಕೆ ನಡೆದೇ ಹೋಗಿ. ನಮಗೆ ಬೇಕಾದ ಎಣ್ಣೆ ಕಡಿಮೆಯಾದರೆ, ಶಾಂತಿ ಬೇಡುವಾಗ ಶಾಂತಿಯನ್ನೇ ಬೇಡಬಹುದು. ಯುದ್ಧದ ಸುದ್ದಿ ಬಂದರೆ ಪೆಟ್ರೋಲ್ ಬಂಕಿಗೆ ಓಡುವ ಮೊದಲು, ಆ ದೇಶದಲ್ಲಿ ದುಡಿಯುವವರ ಮನೆಗೆ ಹೋಗಿ "ನಿಮ್ಮವರು ಹೇಗಿದ್ದಾರೆ?" ಎಂದು ಕೇಳಿ.

ಎರಡು ತಿಂಗಳು ಪ್ರಾರ್ಥಿಸಿದ ನಾನು ಆ ಹೆಂಗಸಿನ ಗಂಡನ ಹೆಸರನ್ನು ಒಮ್ಮೆಯೂ ಕೇಳಿರಲಿಲ್ಲ. ಅವನ ಹೆಸರು ವಲೇರಿಯನ್. ಅವನಿನ್ನೂ ಅಲ್ಲೇ ಇದ್ದಾನೆ. ಏಳಿ, ಪ್ರಾರ್ಥಿಸೋಣ.