ಲ್ಯಾಪ್‌ಟಾಪಿನ ಸ್ವಂತ ಮೈಕು

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಒಬ್ಬ ಹಿರಿಯರು, ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದ ಅವರ ಸೋದರಳಿಯ. ಹಿರಿಯರದು ಹಾಡುಗಾರರ ದನಿ. ಮೆಲ್ಲಗೆ ಆಡಿದರೂ ಹಿಂದಕ್ಕೆ ತಲುಪುತ್ತಿತ್ತು.

“ಮಾವ, ಮೈಕು ಸಿಕ್ಕಿಸೋ ಆ ಡಬ್ಬಿ, ಇಂಟರ್‌ಫೇಸು, ಕೆಟ್ಟಿರ್ಲಿಲ್ಲ. ಮೈಕನ್ನ ಅದಕ್ಕೆ ಸರಿಯಾಗೇ ಸಿಕ್ಕಿಸಿದ್ರಿ. ಕಂಪ್ಯೂಟರಲ್ಲಿ ಅದನ್ನ ಆರಿಸೇ ಇರ್ಲಿಲ್ಲ, ಅಷ್ಟೇ.”

“ಮತ್ತೆ ಇಷ್ಟು ವರ್ಷ ನನ್ನ ಹಾಡು ರೆಕಾರ್ಡ್ ಆಗಿದ್ದು?”

“ಲ್ಯಾಪ್‌ಟಾಪಿನ ಸ್ವಂತ ಮೈಕಲ್ಲಿ. ಅದು ಇಡೀ ಮನೆ ಸದ್ದನ್ನ ಎಳ್ಕೊಳ್ಳುತ್ತೆ.”

“ಅಂದ್ರೆ, ಇದನ್ನ ಆರಿಸಿದ್ದಿದ್ರೆ ನಿಮ್ಮತ್ತೆ ಅಡುಗೆಮನೇಲಿ ಓಡಾಡಿದ್ದು ಕೇಳಿಸ್ತಿರ್ಲಿಲ್ವಾ?”

“ಬಾಗಿಲು ಹಾಕಿದ್ರೆ ಕೇಳಿಸ್ತಿರ್ಲಿಲ್ಲ.”

ಅವರು ತೊಡೆಯ ಮೇಲಿದ್ದ ಚೀಲದ ಜಿಪ್ಪು ಎಳೆದು, ಮತ್ತೆ ಹಾಕಿದರು.

“ಆ ಸದ್ದು ಬರುತ್ತೆ ಅಂತ ಆಮೇಲಾಮೇಲೆ ಹಾಡೋಕೆ ಕೂತಾಗೆಲ್ಲ ಅವಳನ್ನ ಹೊರಗೆ ಮೆಟ್ಟಿಲ ಮೇಲೆ ಕೂರಿಸ್ತಿದ್ದೆ ಕಣೋ. ಮಂಡಿನೋವು ಬೇರೆ ಅವಳಿಗೆ.”

“ಅತ್ತೆ ನಮ್ಮ ಹತ್ರ ಯಾವತ್ತೂ ಹೇಳ್ಲಿಲ್ಲ.”

“ಹೇಳೋ ಪೈಕಿ ಅಲ್ವಲ್ಲ. ಕಣ್ಣು ಮುಚ್ಚೋವರೆಗೂ ಹೇಳ್ಲಿಲ್ಲ.”

ಅಳಿಯ ಮಡಿಲಲ್ಲಿದ್ದ ಲ್ಯಾಪ್‌ಟಾಪಿನ ಮೇಲೆ ಬೆರಳು ತಟ್ಟಿದ.

“ಬಿಡಿ ಮಾವ. ಹಳೇ ಹಾಡಲ್ಲಿರೋ ಸದ್ದನ್ನೆಲ್ಲ ಮನೇಲಿ ಕೂತು ತೆಗೆದುಕೊಡ್ತೀನಿ. ಒಂದ್ರಲ್ಲಿ ನಡುವೆ ಪಾತ್ರೆ ಬಿದ್ದಿದೆ, ಅದನ್ನೂ ತೆಗೀಬಹುದು.”

“ಪಾತ್ರೆ ಬಿದ್ದಮೇಲೆ ಏನಿದೆ, ಕಿವಿಗೊಟ್ಟು ಕೇಳಿದ್ಯಾ?”

“ಇಲ್ಲ.”

“‘ಅಯ್ಯೋ, ಈಗ ಬೈತಾರೆ’ ಅಂತಾಳೆ. ಮೆಲ್ಲಗೆ, ತನ್ನಷ್ಟಕ್ಕೆ.”

ಅವರ ಸ್ಟಾಪ್ ಬಂತು. ಅಳಿಯ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಎದ್ದ. ಅವನ ತೋಳು ಹಿಡಿದು ಇಳಿಯುತ್ತಾ ಹಿರಿಯರು ಹೇಳಿದ್ದು ನನಗೂ ಕೇಳಿಸಿತು:

“ಅದನ್ನ ಮುಟ್ಟಬೇಡ. ಬೇಕಾದ್ರೆ ನನ್ನ ಹಾಡು ತೆಗಿ.”