ಸಿಗರೇಟು ಕಪಾಟಿನ ಮೇಲಿನ ಫೋಟೊ

ಅಂಗಡಿಯಲ್ಲಿ ಸೋಪಿಗಾಗಿ ಕಾದು ನಿಂತಿದ್ದ ನಿವೃತ್ತ ಮೇಷ್ಟರಿಗೆ ತಮ್ಮ ಸರದಿಯೇ ಮರೆತುಹೋಯಿತು. ಅಂಗಡಿಗಳೊಳಗೆ ಸಿಗರೇಟನ್ನು ಹೇಗೆ ಜೋಡಿಸಿದ್ದಾರೆ, ಜಾಹೀರಾತು ಎಲ್ಲೆಲ್ಲಿದೆ ಎಂದು ನೋಡಿ ಹೋಗಲು ಬಂದ ಆರೋಗ್ಯ ಇಲಾಖೆಯ ಹುಡುಗಿ, ಗಲ್ಲಾಪೆಟ್ಟಿಗೆಯ ಹಿಂದಿನ ಕಪಾಟಿನತ್ತ ಬೆರಳು ತೋರಿಸುತ್ತಿದ್ದಳು.

“ಪ್ಯಾಕುಗಳನ್ನ ಕಾಣದ ಹಾಗೆ ಒಳಗಿಡಿ, ಅಮ್ಮಾ. ಮೇಲಿರೋ ಆ ಜಾಹೀರಾತೂ ತೆಗೀಬೇಕು.”

“ಯಾವುದು ತಾಯಿ?”

“ಅದೇ, ಸಿಗರೇಟು ಹಿಡ್ಕೊಂಡು ಹಲ್ಲು ಕಿರೀತಿದಾನಲ್ಲ, ಅವನದು.”

“ಅದು ಜಾಹೀರಾತಲ್ಲ. ನಮ್ಮ ಯಜಮಾನ್ರು.” ಅಂಗಡಿಯಾಕೆ ನಗಲು ನೋಡಿದಳು. “ಇದ್ದಿದ್ರೆ ಉಬ್ಬಿಹೋಗ್ತಿದ್ರು, ನಾನು ಅಷ್ಟು ಚೆನ್ನಾಗಿದೀನಾ ಅಂತ.”

ಹುಡುಗಿಯ ದನಿ ತಗ್ಗಿತು. “ಏನಾಗಿತ್ತಮ್ಮಾ?”

“ಶ್ವಾಸಕೋಶದ ಕ್ಯಾನ್ಸರು. ಹೋದ ವರ್ಷ ಹೋಗ್ಬಿಟ್ರು.”

“ಆದ್ರೂ ಅದನ್ನೇ ಮಾರ್ತೀರಲ್ಲ?”

“ಹೊಟ್ಟೆ ಕೇಳಬೇಕಲ್ಲ ತಾಯಿ.”

“ಬೇರೆ ಫೋಟೊ ಹಾಕಬಹುದಿತ್ತು.”

“ಬೇರೆದರಲ್ಲೆಲ್ಲ ಮುಖ ಗಂಟು ಹಾಕ್ಕೊಂಡು ನಿಂತಿದಾರೆ. ಮನಸಾರೆ ನಕ್ಕಿದ್ದು ಇದೊಂದರಲ್ಲೇ.”

“ಹಾಗಾದ್ರೆ ಮನೇಲಿ ಇಟ್ಕೊಳಿ.”

“ಮನೆಗೆ ನಾನು ಹೋಗೋದು ನಿದ್ದೆ ಮಾಡೋಕೆ. ಹಗಲೆಲ್ಲ ಇಬ್ರೂ ಇಲ್ಲೇ ಇರ್ತೀವಿ.”

ಹುಡುಗಿ ಮತ್ತೊಮ್ಮೆ ಫೋಟೊದತ್ತ ನೋಡಿದಳು. “ಆ ಕೈ ಮೇಲೆ ಒಂದು ಚೂರು ಕಾಗದ ಅಂಟಿಸಿಬಿಡಿ, ಅಮ್ಮಾ. ಸಿಗರೇಟು ಕಾಣದಿದ್ರೆ ಸಾಕು.”

ಅಂಗಡಿಯಾಕೆ ಸ್ಟೂಲು ಹತ್ತಿ ಫೋಟೊ ಇಳಿಸಿದಳು. ಅಂಗೈಯಿಂದ ಅದರ ಗಾಜು ಒರೆಸಿದಳು.

“ಮದುವೆಯಾದಾಗಿನಿಂದ ಅಂಗಲಾಚಿದೆ. ಆ ಕೈಯಿಂದ ಅದನ್ನ ಬಿಡಿಸೋಕೆ ನನ್ನ ಕೈಲಾಗ್ಲಿಲ್ಲ,” ಎಂದಳು. “ಈಗ ಒಂದು ಚೂರು ಕಾಗದ ಸಾಕು ಅಂತೀರಿ.”

ಹುಡುಗಿ ತಲೆ ತಗ್ಗಿಸಿ ಬೀದಿಗಿಳಿದಳು. ಅಂಗಡಿಯಾಕೆ ಫೋಟೊವನ್ನು ಎದೆಗವಚಿಕೊಂಡು ಅಂಟು ಹುಡುಕಲು ಒಳಗೆ ಹೋದಳು.