ಫೋಟೋದ ಕೆಳಗಿನ ಹೆಸರು

“ಹಲೋ... ಯಾರ್ರಿ ಮಾತಾಡೋರು?... ಯಾವ ಭರಮಪ್ಪ?... ಸಂಪಗಾಂವದ ಸುಂದರವ್ವಾರ ಮೈದುನಾ? ಹಾಂ, ಹೇಳ್ರಿ.”

ಬೈಲಹೊಂಗಲದ ರೈತರ ಸಂಸ್ಥೆಯಲ್ಲಿ ರಾಜೇಶ್ವರಿಗೆ ವಾರಕ್ಕೆ ಎರಡೇ ದಿನದ ಕೆಲಸ. ಸುದ್ದಿಪತ್ರ ಬರೆದು, ಫೋಟೋ ಹೊಂದಿಸಿ ಅಚ್ಚಿಗೆ ಕಳಿಸಬೇಕು. ಈ ಸಲ ಮೊದಲ ಪುಟಕ್ಕೆ ಸುಂದರವ್ವ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಮೂರೆಕರೆ ದುಡಿದು ಹತ್ತಿ ತೆಗೆದ ಗಟ್ಟಿ ಹೆಂಗಸು. ಹೊಲ ಇನ್ನೂ ಸತ್ತ ಗಂಡನ ಹೆಸರಲ್ಲೇ ಇತ್ತು. ಅದನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಮನೆಯವರಿಗೆ ತಿಳಿಯದಂತೆ ವಾರಸಾ ಅರ್ಜಿ ಕೊಟ್ಟಿದ್ದಳು. ಚಾವಡಿಯ ಗೋಡೆಗೆ ಹಚ್ಚಿದ ನೋಟೀಸು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಾಳೆಯೊಂದು ದಿನ ಕಳೆದರೆ ತಕರಾರು ಸಲ್ಲಿಸುವ ಮುದತ್ತು ಮುಗಿಯುತ್ತಿತ್ತು. ಬದುವಿನ ಮೇಲೆ ಕೂತು ಇಷ್ಟನ್ನೂ ಹೇಳಿ, ಇದನ್ನು ಮಾತ್ರ ಬರೆಯಬೇಡಿ ಎಂದು ಕೈಹಿಡಿದು ಕೇಳಿಕೊಂಡಿದ್ದಳು. ರಾಜೇಶ್ವರಿ ಆಗಲೇ ಪೆನ್ನು ಮುಚ್ಚಿದ್ದಳು.

“ಫೋಟೋದ ಕೆಳಗ ನಿಮ್ಮ ಹೆಸರಾ? ಯಾಕ್ರಿ?... ಅಲ್ರಿ, ಬಿತ್ತಿದಾಕಿ ಆಕಿ, ಹತ್ತಿ ಬಿಡಿಸಿದಾಕಿ ಆಕಿ, ಹೆಸರ ಮಾತ್ರ ನಿಮ್ದ?... ಹಾಂ... ಮನಿ ಗಂಡಸಿನ ಹೆಸರ ಇರಬೇಕ ಅಂತೀರಿ.”

ದನಿ ಬಲು ಮೆತ್ತಗಿತ್ತು. ಮಾತಿಗೊಮ್ಮೆ ಅಕ್ಕಾರ, ಅಕ್ಕಾರ ಅನ್ನುತ್ತಿದ್ದ. ಇದರಲ್ಲೇನೋ ಮಸಲತ್ತಿದೆ ಎಂದು ರಾಜೇಶ್ವರಿಗೆ ಅನ್ನಿಸತೊಡಗಿತು.

“ನಮ್ಮ ನಂಬರ ಯಾರ ಕೊಟ್ರು?... ಸುಂದರವ್ವಾರ ಕೊಟ್ರಾ? ಹಂಗಾರ ಅವರ ಕೈಯಾಗ ಫೋನ್ ಕೊಡ್ರಿ... ಗಳೇ ಹೊಡ್ಯಾಕ ಹೊಲಕ್ಕ ಹೋಗ್ಯಾರಾ? ಇವತ್ತ ಸೋಮವಾರ, ಬಸವಣ್ಣನ ವಾರ ಅಲ್ರೀ, ನಿಮ್ಮೂರಾಗ ಎತ್ತ ಹೂಡ್ತಾರೇನು?... ಈಗ ಸಂತಿಗಿ ಅಂತೀರಿ. ಖರೇ ಯಾವುದ್ರಿ?”

ಅವನು ನಕ್ಕ. ನಕ್ಕು ಮತ್ತೊಂದು ಬೇಡಿಕೆ ಇಟ್ಟ.

“ಇನ್ನೊಮ್ಮೆ ಹೇಳ್ರಿ... ಹನ್ನೆರಡ ವರ್ಷದಿಂದ ಭರಮಪ್ಪನ ಸಾಗುವಳಿ, ಹಂಗಂತ ಬರೀಬೇಕಾ?”

ಈಗ ಪೂರಾ ತಿಳಿಯಿತು. ಅಚ್ಚಾದ ಕಾಗದ ತೋರಿಸಿ ಇವನು ಹೊಲ ನುಂಗಲು ಹೊರಟಿದ್ದಾನೆ. ಒಂಟಿ ಹೆಂಗಸೆಂದರೆ ಇಷ್ಟು ಸದರವೇ? ಅವಳಿಗೆ ಮೈಯೆಲ್ಲ ಉರಿದುಹೋಯಿತು.

“ನೋಡ್ರಿ ಭರಮಪ್ಪಾರ, ನಿಮ್ಮ ಆಟ ನಡ್ಯಂಗಿಲ್ಲ. ಆಕಿ ಆಗಲೇ ವಾರಸಾ ಅರ್ಜಿ ಕೊಟ್ಟಾಳ. ತಕರಾರ ಮಾಡೋ ಮುದತ್ ನಾಳೆ ಸಂಜಿಗೆ ಮುಗೀತೈತಿ. ಆಮ್ಯಾಲ ಹೊಲ ಆಕೀದ. ತಿಳೀತಾ?”

ಚಲೋ ಬಾಯಿ ಮುಚ್ಚಿಸಿದೆ ಎಂದುಕೊಂಡು ರಾಜೇಶ್ವರಿ ಕುರ್ಚಿಗೆ ಒರಗಿದಳು.

“ಯಾಕ್ರಿ, ಸುಮ್ಮನಾದ್ರಿ?... ಹಾಂ, ನಾಳೆ ಸಂಜೀಕ... ಯಾವ ಆಫೀಸಿನ್ಯಾಗಾ?... ತಡೀರಿ, ತಡೀರಿ. ನಿಮಗ ಅರ್ಜಿ ಸುದ್ದಿ ಗೊತ್ತ ಇರಲಿಲ್ಲಾ?... ಭರಮಪ್ಪಾರ, ನಾ ಏನಂದೆ ಅಂದ್ರ... ಹಲೋ?... ಹಲೋ?...”